ಅತ್ತೆಯ ಪಾದಕ್ಕೆ ಅಳತೆ ತೆಗೆದದ್ದು

ನಮ್ಮ ಮನೆಯಲ್ಲಿ ಕಾಫಿ ಒಣಗಿತೋ ಇಲ್ಲವೋ ಎಂದು ಹೇಳುವ ಹಕ್ಕು ಅತ್ತೆಯ ಕಾಲಿಗೆ ಮಾತ್ರ ಇತ್ತು. ಶನಿವಾರಸಂತೆಯಿಂದ ಇನ್ನಷ್ಟು ಒಳಗಿರುವ ಊರು ನಮ್ಮದು. ಕೊಯ್ದ ಹಣ್ಣನ್ನು ಸಿಮೆಂಟಿನ ಕಣದಲ್ಲಿ ಹರವಿ, ಅದರೊಳಗೆ ಬರಿಗಾಲಲ್ಲಿ ಕಾಲೆಳೆಯುತ್ತಾ ನಡೆದು ಸಾಲು ಸಾಲಾಗಿ ತಿರುವಿ ಹಾಕುತ್ತೇವೆ. ಅದಕ್ಕೆ ಗೋರುಮಣೆಯೂ ಇದೆ, ಆದರೆ ಅತ್ತೆಯ ಲೆಕ್ಕದಲ್ಲಿ ಅದು ಸೋಮಾರಿಗಳ ಸಾಮಾನು. ಅಡಿಯ ಹಣ್ಣು ಇನ್ನೂ ತಣ್ಣಗಿದೆಯೇ, ಮೆತ್ತಗಿದೆಯೇ, ಸಿಪ್ಪೆ ಗಟ್ಟಿಯಾಗಿ ಒತ್ತುತ್ತದೆಯೇ ಎಂಬುದೆಲ್ಲ ಅವರ ಅಂಗಾಲಿಗೆ ತಿಳಿಯುತ್ತಿತ್ತು. ನನ್ನ ಗಂಡ ಒಮ್ಮೆ ತೇವ ಅಳೆಯುವ ಮೀಟರು ತಂದರು. ಅತ್ತೆ ಅದನ್ನು ಬೀರುವಿನ ಮೇಲಿಟ್ಟು ಬಟ್ಟೆ ಮುಚ್ಚಿದರು. ಈಗಲೂ ಅಲ್ಲೇ ಇದೆ.

ನಾನು ತಿತಿಮತಿ ಕಡೆಯವಳು. ಆನೆ ಕಂಡರೆ ದಾರಿ ಬಿಟ್ಟು ನಿಲ್ಲಬೇಕೆಂದು ಚಿಕ್ಕಂದಿನಲ್ಲೇ ಕಲಿತವಳು. ಮದುವೆಯಾಗಿ ಬಂದ ಮೇಲೆ ಅತ್ತೆಯ ವಿಷಯದಲ್ಲೂ ಅದೇ ಕಲಿಕೆ ಉಪಯೋಗಕ್ಕೆ ಬಂತು. ಅವರು ಕಣದಲ್ಲಿರುವಾಗ ಯಾರೂ ಎದುರು ಮಾತಾಡುತ್ತಿರಲಿಲ್ಲ.

ಹೋದ ವರ್ಷದ ಕೊಯ್ಲಿನಲ್ಲಿ ಒಂದು ಮಧ್ಯಾಹ್ನ ಅವರು ಕಣದಿಂದ ಬಂದು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ನೀರು ಕೊಡಲು ಹೋದವಳು ನೋಡುತ್ತೇನೆ, ಎಡಗಾಲಿನ ಅಡಿಯಲ್ಲಿ ಹಪ್ಪಳದ ಹಾಗೆ ಉಬ್ಬಿದ ಬೊಬ್ಬೆ. ಒಡೆದು ನೀರು ಸೋರುತ್ತಿತ್ತು.

"ಅತ್ತೆ, ಕಾಲು ಸುಟ್ಟಿದೆ."

"ಯಾರ್ದು?" ಎಂದರು.

ಬಿಸಿಲಿಗೆ ಕಾದ ಸಿಮೆಂಟು ಕಾಲನ್ನು ಸುಟ್ಟಿದೆ, ಕಾಲಿನವರಿಗೇ ಅದು ಗೊತ್ತಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಇರುವುದು ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಅದು ಕಾಲಿನ ನರಕ್ಕೆ ಇಳಿದಿದೆ ಎಂದು ಕುಶಾಲನಗರದ ಡಾಕ್ಟರು ಹೇಳಿದಾಗಲೇ ತಿಳಿದದ್ದು. ಗಾಯ ಮಾಯುವಷ್ಟರಲ್ಲಿ ಮಳೆ ಹಿಡಿಯಿತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಇನ್ನೊಂದು ಗಾಯವಾದರೆ ಬೆರಳು ತೆಗೆಯಬೇಕಾದೀತು, ಅಲ್ಲಿಗೇ ನಿಲ್ಲುತ್ತದೆ ಎಂದೂ ಹೇಳಲಾಗದು ಎಂದರು. ಪಾದದ ಅಚ್ಚು ತೆಗೆದು ಅವರವರಿಗೇ ಅಂತ ಚಪ್ಪಲಿ ಮಾಡಿಕೊಡುವವರು ಮೈಸೂರಿನಲ್ಲಿದ್ದಾರೆ, ಅಲ್ಲಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು.

"ಚಪ್ಲಿ ತಗಳಕೆ ಮೈಸೂರ್ಗಾ? ಸಂತೇಲಿ ಸಿಕ್ಕಲ್ವಾ?" ಎಂದು ಅತ್ತೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದರು.

ಅಲ್ಲಿದ್ದದ್ದು ಇನ್ನೂ ಚಿಕ್ಕ ಪ್ರಾಯದ ಹೆಣ್ಣುಮಗಳು. ಪಾದಕ್ಕೆ ಬೇಕಾದ ಸಾಧನ ಮಾಡುವುದನ್ನೇ ಓದಿದವಳು. ಕೆಳಗೆ ಸ್ಟೂಲಿನ ಮೇಲೆ ಕೂತು ಅತ್ತೆಯ ಕಾಲನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಅತ್ತೆ ಗಾಬರಿಯಾಗಿ ಕಾಲೆಳೆದುಕೊಂಡರು. "ಕಾಲು ಹಿಡೀಬ್ಯಾಡ ತಾಯಿ, ನಂಗೆ ಪಾಪ ಸುತ್ಕಳ್ತದೆ."

"ನನ್ನ ಕೆಲಸವೇ ಇದಲ್ವಾ ಅಜ್ಜಿ" ಎಂದು ಅವಳು ಮತ್ತೆ ಹಿಡಿದಳು.

ಗಾಳದ ದಾರದಂಥ ಒಂದು ತೆಳು ಎಳೆ ಅವಳ ಕೈಯಲ್ಲಿತ್ತು. ಅತ್ತೆ ಕಣ್ಣು ಮುಚ್ಚಿಕೊಳ್ಳಬೇಕು, ಪಾದಕ್ಕೆ ಎಳೆ ತಾಗಿದಾಗಲೆಲ್ಲ 'ಹೂಂ' ಅನ್ನಬೇಕು. ಹೆಬ್ಬೆರಳಿಗೆ ತಾಗಿಸಿದಳು. "ಹೂಂ" ಎಂದರು ಅತ್ತೆ. ಹಿಮ್ಮಡಿಗೂ "ಹೂಂ". ಆಮೇಲೆ ಅವಳು ಎಳೆಯನ್ನು ದೂರ ಹಿಡಿದು ಸುಮ್ಮನೆ ಕೂತಳು. ಅತ್ತೆ ಸ್ವಲ್ಪ ಹೊತ್ತು ಕಾದು, "ಹೂಂ" ಎಂದರು. ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೊಂದು "ಹೂಂ".

ಶಾಲೆಯಲ್ಲಿ ಪಾಠ ಬಾರದ ಮಗು ಮೇಷ್ಟ್ರ ಮುಂದೆ ತಲೆಯಾಡಿಸುವ ಹಾಗಿತ್ತು ಅದು. ಇಷ್ಟು ವರ್ಷ ನಾನು ಹೆದರುತ್ತಿದ್ದ ಹೆಂಗಸಿಗಾಗಿ ಮೊದಲ ಸಲ ಕರುಳು ಚುರುಕ್ಕೆಂದಿತು. ಆ ಹುಡುಗಿ ನನ್ನ ಮುಖವನ್ನು ಒಮ್ಮೆ ನೋಡಿದಳು. "ಆಯ್ತಜ್ಜಿ, ಕಣ್ಣು ಬಿಡಿ" ಎಂದಳಷ್ಟೆ.

ಆಮೇಲೆ ಸ್ಪಂಜಿನಂಥ ಮೆತ್ತನೆ ಪೆಟ್ಟಿಗೆಯೊಳಗೆ ಪಾದ ಒತ್ತಿಸಿದಳು. ಗದ್ದೆಯ ಕೆಸರಲ್ಲಿ ಮೂಡುವ ಹಾಗೆ ಹೆಜ್ಜೆ ಅಚ್ಚಾಯಿತು. ಮುಂದಿನ ಸಲ ಹೋದಾಗ ಅದರಂತೆ ಮಾಡಿದ ಒಳಹಾಸು, ಅಗಲ ಮೂತಿಯ ಪಟ್ಟಿ ಚಪ್ಪಲಿ ಸಿದ್ಧವಾಗಿದ್ದವು. ಭಾರ ಒಂದೇ ಕಡೆ ಬೀಳದ ಹಾಗೆ ಹಂಚುವುದು ಒಳಹಾಸಿನ ಕೆಲಸ. ಮೆಟ್ಟುವ ಮುಂಚೆ ಒಳಗೆ ಕೈಯಾಡಿಸಿ ಕಲ್ಲು ಮುಳ್ಳು ಇದೆಯೇ ನೋಡಬೇಕು, ದಿನಾ ಯಾರಾದರೂ ಅಂಗಾಲು ನೋಡಬೇಕು, ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು ಎಂದಳು.

"ಕಣಕ್ಕೆ?" ಎಂದು ಅತ್ತೆ ಕೇಳಿದರು.

"ಕಣಕ್ಕಂತೂ ಬೇಡವೇ ಬೇಡ ಅಜ್ಜಿ."

ಬಸ್ಸಿನಲ್ಲಿ ಬರುವಾಗ ಅತ್ತೆ ಗೊಣಗಲಿಲ್ಲ. ಗೊಣಗಿದ್ದರೇ ಚೆನ್ನಾಗಿತ್ತು.

ಇನ್ನು ನಾವು ಮಾಡಿದ ಜಾಣತನ ಕೇಳಿ. ಆ ಚಪ್ಪಲಿಯನ್ನು ಬಾಗಿಲ ಹೊರಗೆ ಮಣೆಯ ಮೇಲೆ ಇಟ್ಟೆವು. ಮದುವೆ ಮನೆಗೋ ಶನಿವಾರಸಂತೆಗೋ ಹೋಗುವಾಗ ಅತ್ತೆ ಮೆಟ್ಟುತ್ತಿದ್ದರು, ಬಂದ ಕೂಡಲೇ ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿಡುತ್ತಿದ್ದರು. ಮನೆಯೊಳಗೆ ಚಪ್ಪಲಿ ಮೆಟ್ಟುವುದು ನಮ್ಮವರಲ್ಲಿ ಯಾರ ಮನೆಯಲ್ಲಿದೆ? ನನಗೂ ಅದು ತಪ್ಪೆನಿಸಲಿಲ್ಲ. ಅವರು ದಿನವಿಡೀ ನಡೆಯುವುದೆಲ್ಲ ಅಡುಗೆಮನೆ, ನಡುಮನೆ, ಹಿತ್ತಿಲಲ್ಲೇ ಎಂಬುದು ಮನೆಮಂದಿಯಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ಮತ್ತೆ ತೋರಿಸಲು ಹೋದಾಗ ಆ ಹುಡುಗಿ ಒಳಹಾಸು ತೆಗೆದು ಬೆಳಕಿಗೆ ಹಿಡಿದಳು. "ಹೊಸದರ ಹಾಗೇ ಇದೆಯಲ್ಲ ಅಜ್ಜಿ?"

"ಜ್ವಾಪಾನವಾಗಿ ಇಟ್ಕಂಡಿದೀನಿ ತಾಯಿ" ಎಂದರು ಅತ್ತೆ, ಬಹಳ ಹೆಮ್ಮೆಯಿಂದ.

ಅಂಗಾಲು ತಿರುಗಿಸಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ಕೆಂಪು ಗುರುತು. ಇನ್ನಷ್ಟು ದಿನ ಬಿಟ್ಟಿದ್ದರೆ ಒಡೆಯುತ್ತಿತ್ತು. ಹುಡುಗಿ ಬೈಯಲಿಲ್ಲ. ಮನೆಯೊಳಕ್ಕೆಂದೇ ಇನ್ನೊಂದು ಜೊತೆ ಮಾಡಿಕೊಡುತ್ತೇನೆ, ಅದು ಹೊಸಿಲು ದಾಟುವುದೇ ಬೇಡ ಎಂದಳು. "ಪೂಜೆಗೆ ಕೂತಾಗ ಬಿಚ್ಚಿಡಿ ಅಜ್ಜಿ. ಕೂತವರ ಪಾದದ ಮೇಲೆ ಭಾರ ಬೀಳಲ್ಲ." ಅತ್ತೆ ಯೋಚಿಸಿ, ಅಂಗಳ ಕಾಣದ ಚಪ್ಪಲಿಗೆ ಮೈಲಿಗೆಯಿಲ್ಲ ಎಂದು ತಾವೇ ತೀರ್ಮಾನ ಕೊಟ್ಟರು. ಅಂದಿನಿಂದ ಅಡುಗೆಮನೆಯಲ್ಲೂ ಮೆಟ್ಟಿಕೊಂಡೇ ಓಡಾಡಿದರು. ನೋಡಲು ಬಂದ ನೆಂಟರು ಮೂಗು ಮುರಿದರೆ, "ನಿಮ್ ಕಾಲಿನ ಕತೆ ನೀವು ನೋಡ್ಕಳಿ" ಎನ್ನುತ್ತಿದ್ದರು.

ಉಳಿದದ್ದು ಕಣ ಒಂದೇ. ಈ ವರ್ಷದ ಹಣ್ಣು ಹರವಿ ಆರೇಳು ದಿನವಾಗಿತ್ತು. ಊಟಕ್ಕೆ ಕರೆಯಲು ಹೊರಗೆ ಬಂದರೆ ಕಣದ ಅಂಚಿನಲ್ಲಿ ಚಪ್ಪಲಿ, ಸುಡುಬಿಸಿಲಲ್ಲಿ, ಹಣ್ಣಿನ ನಡುವೆ ಅತ್ತೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ಎಂದರೆ ಭಯವೇ. ಓಡಿಹೋಗಿ ರೆಟ್ಟೆ ಹಿಡಿದು ನಿಲ್ಲಿಸಿದೆ.

"ಕಾಲು ಬೇಕೋ ಬೇಡವೋ ನಿಮಗೆ?"

"ಮೆಟ್ಕಂಡ್ರೆ ಕಣ ಗೊತ್ತಾಗಕಿಲ್ಲ ಕಣವ್ವ."

"ಮೆಟ್ಟದೇ ಇದ್ರೆ ಗೊತ್ತಾಗ್ತದಾ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಹಣ್ಣಿನ ಕಡೆ ನೋಡುತ್ತಾ ನಿಂತರು.

"ಇಲ್ಲ" ಎಂದರು ಕೊನೆಗೆ. "ಮೂರು ಕೊಯ್ಲಾಯ್ತು. ಒಣಗಿದ ಹಣ್ಣು ಗಲಗಲ ಅನ್ನೋ ಸದ್ದು ಕೇಳ್ಕಂಡು ಹೇಳ್ತಿದ್ದೆ. ನಿಮ್ಗೆಲ್ಲ ಗೊತ್ತಾದ್ರೆ ನಂಗಿಲ್ಲಿ ಏನ್ ಕೆಲ್ಸ, ಹೇಳು."

ಕೈಹಿಡಿದು ಕರೆತಂದು ಜಗಲಿಯಲ್ಲಿ ಕೂರಿಸಿ, ಕಾಲು ತೊಳೆದು ಒರೆಸಿ, ಬೆರಳ ಸಂದಿಯನ್ನೆಲ್ಲ ನೋಡಿದೆ. ಪುಣ್ಯಕ್ಕೆ ಗಾಯ ಆಗಿರಲಿಲ್ಲ. ಚಪ್ಪಲಿಯ ಪಟ್ಟಿ ಬಿಗಿದೆ. ಆ ದಿನ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲು ಏರುವ ಮೊದಲು ಅತ್ತೆ ಕರೆದರು. ಚಪ್ಪಲಿ ಮೆಟ್ಟಿಕೊಂಡು ಕಣದ ಕಟ್ಟೆಯ ಮೇಲೆ ಕೂತಿದ್ದರು. "ನಿಂದು ಬಿಚ್ಚು. ಒಳೀಕೆ ಇಳಿ" ಎಂದರು.

ಇಳಿದೆ. ಅವರು ಹೇಳಿಕೊಟ್ಟ ಹಾಗೆ ಹಿಮ್ಮಡಿ ಎತ್ತದೆ ಕಾಲೆಳೆಯುತ್ತಾ ನಡೆದೆ.

"ಹೆಂಗದೆ?"

"ಮೇಲೆ ಬೆಚ್ಚಗಿದೆ. ಅಡಿಯಲ್ಲಿ ತಣ್ಣಗಿದೆ ಅತ್ತೆ."

"ತಣ್ಣಗೆ ಅಂದ್ರೆ ಎಲ್ಲಿ? ಬೆರಳಿಗಾ, ಅಂಗಾಲಿಗಾ?"

"ಬೆರಳ ಸಂದಿಗೆ. ಅಂಗಾಲಿಗೆ ಸ್ವಲ್ಪ ಅಂಟುತ್ತೆ. ಸಿಪ್ಪೆ ಮೆತ್ತಗಿದೆ."

"ಇನ್ನೂ ನಾಕು ಬಿಸ್ಲು ಬೇಕು" ಎಂದರು ಅತ್ತೆ. ನಾನು ಹೊರಗೆ ಬರಲು ತಿರುಗಿದೆ. "ಇನ್ನೊಂದು ಸುತ್ತು ಹೋಗವ್ವ" ಎಂದರು.

"ಒಣಗಿಲ್ಲ ಅಂತ ಗೊತ್ತಾಯ್ತಲ್ಲ ಅತ್ತೆ?"

"ಕಾಫಿಗಲ್ಲ ಕಣೇ" ಎಂದರು. ಅವರ ಕಣ್ಣು ನನ್ನ ಪಾದದ ಮೇಲೇ ಇತ್ತು. "ನೀ ಹೇಳ್ತಿದ್ರೆ ನಂಗೂ ತಣ್ಣಗಾದಂಗೆ ಆಯ್ತದೆ. ಹೇಳ್ತಾ ಹೋಗು."

ನಾನು ಹೇಳುತ್ತಾ ನಡೆದೆ.