ತೊಟ್ಟು ಚಿವುಟಿದ ಎಲೆ

ಹುಸೇನ್‌ಸಾಬರು ಮೊಬೈಲನ್ನೂ ದೂರ ನಿಂತೇ ಓದುತ್ತಿದ್ದರು. ನನ್ನ ಮೇಜಿನ ಮೇಲಿನ ಹೂಜಿಗೆ ಅದನ್ನು ಒರಗಿಸಿ, ಆರು ಹೆಜ್ಜೆ ಹಿಂದೆ ಸರಿದು, ಕುತ್ತಿಗೆ ವಾಲಿಸುವರು. ಸವಣೂರಿನ ಅರ್ಧ ಅಂಗಡಿಗಳ ಬೋರ್ಡು ಬರೆದ ಪೇಂಟರ್ ಅವರು. ಫ್ಲೆಕ್ಸ್ ಬಂದು ಬ್ರಷ್ ಒಣಗಿದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತರು.

ಇಂಗ್ಲಿಷ್ ಟೀಚರಾಗಿ ರಿಟೈರ್ ಆದ ಮೇಲೆ ನಾನು ವೀಳ್ಯದೆಲೆಯ ಪಾರ್ಸೆಲ್ ಕಳಿಸುವ ಸಣ್ಣ ವ್ಯವಹಾರ ಇಟ್ಟುಕೊಂಡಿದ್ದೇನೆ. ಪ್ರತಿ ಸೋಮವಾರ ಗಿರಾಕಿಗಳಿಗೆಲ್ಲ ಒಂದು ಈಮೇಲ್ ಬರೆಯುತ್ತೇನೆ: ಈ ವಾರ ಎಲೆ ಹೇಗಿದೆ, ಮಳೆ ಬಂತೋ ಇಲ್ಲವೋ. ಅವರೂ ಬರೆಯುತ್ತಿದ್ದರು, ಮೊಮ್ಮಗಳ ಮದುವೆ, ಮೊಣಕಾಲಿನ ಆಪರೇಷನ್. ಟು ಬಿ ಫ್ರ್ಯಾಂಕ್, ನನ್ನೊಡನೆ ಮಾತನಾಡುತ್ತಿದ್ದವರು ಅವರಷ್ಟೇ. ಒಮ್ಮೆ ಯಾರೋ ನಮ್ಮ ಹೆಸರಿನಲ್ಲಿ ದುಡ್ಡು ಕೇಳಿ ಖೊಟ್ಟಿ ಮೇಲ್ ಕಳಿಸಿದರು. ಹೆದರಿದ ಗಿರಾಕಿಗಳು ನನ್ನ ಪತ್ರಗಳನ್ನೂ ತೆರೆಯದಾದರು. ಸಾಬರನ್ನು ಕರೆಸಿದೆ.

“ಇನ್‌ಬಾಕ್ಸಿನ್ಯಾಗ ಹೆಸರಿನ ಬಾಜೂಕ ನಿಮ್ಮ ಲೋಗೋ ಕಾಣಬೇಕ್ರಿ ಅಕ್ಕೋರ. ತಪಾಸ ಆಗಿ ಅಸಲಿ ಅನ್ನಿಸಿಕೊಂಡದ್ದು,” ಎಂದರು ಸಾಬರು.

ನನಗೆ ಅವಸರ, ಅವರಿಗಿಲ್ಲ. “ಗ್ವಾಡಿ ತಿಕ್ಕಲಾರದ ಬಣ್ಣ ಹಚ್ಚಿದ್ರ ಪದರ ಏಳತಾವ್ರಿ.” ನಮ್ಮ ಹೆಸರು ಹೇಳಿಕೊಂಡು ಬೇರೆಯವರು ಕಳಿಸಿದ ಮೇಲ್ ಹಾದಿಯಲ್ಲೇ ನಿಲ್ಲುವಂತೆ ಮೊದಲು ಸೆಟ್ಟಿಂಗ್ ಮಾಡಿದರು. ಅದಕ್ಕೇ ಎರಡು ತಿಂಗಳು. ಆಮೇಲೆ ನಮ್ಮ ಎಲೆಯ ಲೋಗೋವನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಬರೆದು, ಅದು ನಮ್ಮದೇ ಎಂಬ ಸರ್ಟಿಫಿಕೇಟಿಗೆ ಅರ್ಜಿ ಹಾಕಿದರು. ಅದು ತಿರುಗಿ ಬಂತು. ನಾನು ಹಿಂದೆಯೇ ಟ್ರೇಡ್‌ಮಾರ್ಕ್ ಮಾಡಿಸಿದ್ದ ಚಿತ್ರಕ್ಕೂ ಇದಕ್ಕೂ ಹೊಂದಿಕೆ ಇಲ್ಲವಂತೆ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಸಾಬರ ಎಲೆ ಬಲು ಚೆಂದ, ಸೋ ಡೆಲಿಕೇಟ್. ತೊಟ್ಟೇ ಇರಲಿಲ್ಲ.

“ತೊಟ್ಟ ಎಲ್ಲಿ ಹೋತ್ರಿ ಸಾಬರ?”

ಅವರು ಆರು ಹೆಜ್ಜೆ ಹಿಂದೆ ಸರಿದು ನೋಡಿದರು. “ನಲವತ್ತ್ ವರ್ಷ ಆತ್ರಿ ಅಕ್ಕೋರ, ತೊಟ್ಟ ಚಿವುಟಲಾರದ ಒಂದ್ ಎಲಿ ಬಾಯಾಗ ಇಟ್ಟಿಲ್ಲ. ಇಲ್ಲೂ ನನ್ನ ಕೈ ಚಿವುಟೈತಿ.”

“ಇದು ತಿನ್ನೋ ಎಲಿ ಅಲ್ಲರಿ.”

“ಹೌದ್ರಿ. ಕೊಡೋ ಎಲಿ. ಕೊಡೂದಕ್ಕ ತೊಟ್ಟ ಬೇಕು.”

ತಿದ್ದಿ ಮತ್ತೆ ಕಳಿಸಿದರು. ಉತ್ತರಕ್ಕೆ ಕಾಯುತ್ತಿದ್ದಾಗಲೇ ಎದೆನೋವು ಕಾಣಿಸಿಕೊಂಡು ಅವರು ಹುಲಗೂರಿನ ಮಗಳ ಮನೆಗೆ ಹೊರಟರು. ಹೇಳಿಹೋಗಲು ಬಂದವರು ಬಾಗಿಲಲ್ಲೇ ನಿಂತು, “ಬೋರ್ಡಿನ ಮೂಲ್ಯಾಗ ಸಣ್ಣಗ ನನ್ನ ಹೆಸರ ಬರೀತಿದ್ದೆ. ಈ ಲೋಗೋ ಕಡ್ಲಿಕಾಳಿನಷ್ಟ ಐತಿ. ನನಗ ಜಾಗಾನ ಇಲ್ಲ,” ಎಂದು ನಕ್ಕರು.

ಸರ್ಟಿಫಿಕೇಟ್ ಸಿಕ್ಕಿತು. ಒಂದು ಸೋಮವಾರ ಇನ್‌ಬಾಕ್ಸಿನಲ್ಲಿ ನನ್ನ ಮೇಲ್‌ನ ಪಕ್ಕ ಎಲೆ ಮೂಡಿತು, ತೊಟ್ಟು ಸಹಿತ. ಸಂಜೆಯೊಳಗೆ ಏಳು ಉತ್ತರ ಬಂದವು. ಸಾಬರಿಗೆ ಹೇಳಬೇಕೆಂದು ಫೋನ್ ಮಾಡಿದೆ. ಮಗಳು ಎತ್ತಿದಳು.

“ನಮ್ಮ ಅಬ್ಬಾ ತೀರಿ ಹೋಗಿ ಒಂಬತ್ತ್ ದಿನ ಆತ್ರಿ.”

ಲೋಗೋ ಕಾಣುತ್ತದೋ ಇಲ್ಲವೋ ನೋಡಲೆಂದು ಅವರು ತಮ್ಮ ಈಮೇಲ್ ವಿಳಾಸವನ್ನೂ ನನ್ನ ಲಿಸ್ಟಿಗೆ ಸೇರಿಸಿದ್ದರು. ನಾನು ತೆಗೆದಿಲ್ಲ. ಪ್ರತಿ ವಾರ ಅಲ್ಲಿಗೂ ಒಂದು ಪತ್ರ ಹೋಗುತ್ತದೆ. ಬೌನ್ಸ್ ಆಗಿ ತಿರುಗಿ ಬರುವುದಿಲ್ಲ.