ಹಾಲ್ಟಿನಲ್ಲಿ ನಿಲ್ಲದ ಲೋಕಲ್ ಗಾಡಿ

ಆ ದಿನ ಬೆಳಿಗ್ಗೆ ಎಂದಿನಂತೆ ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಹಾಕಿ, ಒಲೆಯ ಮೇಲೆ ಚಹಾದ ನೀರು ಇಟ್ಟಿದ್ದೆ. ಸಕ್ಕರೆ ಸಿಗುತ್ತಿರಲಿಲ್ಲ, ಬೆಲ್ಲದ ಚಹಾ. ೧೯೪೩, ಯುದ್ಧದ ಕಾಲ. ನಮ್ಮ ಮನೆ ಹುಬ್ಬಳ್ಳಿ ಸ್ಟೇಶನ್ನಿಗೆ ಹತ್ತಿರದ ಓಣಿಯಲ್ಲಿತ್ತು. ಯಜಮಾನರು ಹೈಸ್ಕೂಲು ಮಾಸ್ತರರು. ಕುದಿ ಬರುವಷ್ಟರಲ್ಲಿ, ಕೆಲಸಕ್ಕೆ ಹೋಗುವ ಹಾದಿಯಲ್ಲಿ ನಮಗೆ ಬೆಣ್ಣೆ ಮಾರುವ ಗಂಗವ್ವ ಎಲೆಯಲ್ಲಿ ಕಟ್ಟಿದ ಬೆಣ್ಣೆ ತಂದು ಹೊಸ್ತಿಲ ಮೇಲೆ ಇಟ್ಟಳು. ಎದೆಯ ಹತ್ತಿರ ಅವಳ ಕುಪ್ಪಸ ಒದ್ದೆಯಾಗಿತ್ತು. ಮನೆಯಲ್ಲಿ ಮೊಲೆ ಕುಡಿಯುವ ಕೂಸು ಬಿಟ್ಟು ಬಂದವಳು.

ಗಂಗವ್ವನ ಊರು ಧಾರವಾಡದ ಹಾದಿಯಲ್ಲಿ, ಒಂದು ಹಾಲ್ಟಿನ ಪಕ್ಕದಲ್ಲಿ. ಹಾಲ್ಟ್ ಎಂದರೆ ಸ್ಟೇಶನ್ ಮಾಸ್ತರನಿಲ್ಲದ, ಗಾಡಿ ಒಂದು ಗಳಿಗೆ ನಿಂತು ಹೋಗುವ ಸಣ್ಣ ತಾಣ. ಒಂದು ಬೇವಿನ ಮರ, ಒಂದು ತಗಡಿನ ಬೋರ್ಡು, ಅಷ್ಟೇ. ಧಾರವಾಡದಿಂದ ಬೆಳಿಗ್ಗೆ ಬರುವ ಲೋಕಲ್ ಗಾಡಿಯನ್ನು ಅವಳೂ ಅವಳೂರಿನ ಹೆಂಗಸರೂ ಅಲ್ಲಿ ಹತ್ತುತ್ತಿದ್ದರು. ಹುಬ್ಬಳ್ಳಿಯಲ್ಲಿ ಅರಳೆಯಿಂದ ಬೀಜ ಬಿಡಿಸುವ ಗಿರಣಿಯಲ್ಲಿ ಅವರ ಕೆಲಸ. ಗಿರಣಿಯ ಭೋಂಗಾ ಕೂಗಿದ ಮೇಲೆ ಗೇಟು ಹಾಕಿಬಿಡುತ್ತಿದ್ದರು. ಹೊರಗುಳಿದವರಿಗೆ ಆ ದಿನದ ಕೂಲಿ ಇಲ್ಲ, ಮೇಲಿಂದ ಮೇಲೆ ಹೊರಗುಳಿದವರಿಗೆ ಕೆಲಸವೇ ಇಲ್ಲ.

ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದನ್ನು ನೋಡಿ ಅವಳು ಕೇಳಿದಳು:

“ಎಲ್ಲಿಗ್ರಿ ಬಾಯಾರ, ಮದವಿಗೇನ್ರಿ?”

“ಇಲ್ಲ, ಕಮಿಟಿ ಐತಿ. ರೈಲ್ವೆದ್ದು.”

“ಕಮಿಟಿ ಅಂದ್ರ ಏನ್ ಮಾಡ್ತಾರ್ರಿ?”

“ಕುಂತು ಮಾತಾಡ್ತಾರ.”

“ಅಯ್ಯ, ಅದು ನಮ್ಮೂರ ಕಟ್ಟಿ ಮ್ಯಾಲೆ ದಿನಾ ಆಗ್ತೈತಿ ಬಿಡ್ರಿ!” ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ನಮ್ಮ ಹಾಲ್ಟಿನ್ಯಾಗ ಗಾಡಿ ನಿಲ್ಲಂಗಿಲ್ಲ ಅಂತ ಸುದ್ದಿ ಐತ್ರಿ. ಖರೇ ಏನ್ರಿ? ಗಾಡಿ ಇಲ್ಲಂದ್ರ ಕತ್ತಲ್ಯಾಗ ಎದ್ದು ನಡೀಬೇಕ್ರಿ. ಕೂಸು ಏಳೂದ್ರೊಳಗ. ಅದಕ್ಕ ಹಾಲು ಯಾರು ಕುಡಸ್ತಾರ್ರಿ? ನಮ್ಮತ್ತೀಗೆ ಎದೀ ಹಾಲು ಬರ್ತಾವೇನ್ರಿ?”

“ಕೇಳ್ತೇನಿ,” ಎಂದೆ.

ಕೇಳುವುದೇ ನನ್ನ ಕೆಲಸವೂ ಆಗಿತ್ತು. ಜೀವಮಾನವೆಲ್ಲ ಮನೆವಾರ್ತೆ ನೋಡಿದವಳಿಗೆ ಎರಡು ವರ್ಷ ಹೊರಗಿನ ಒಂದು ಹುದ್ದೆ ಸಿಕ್ಕಿತ್ತು: ಪ್ರಯಾಣಿಕರ ಸಲಹಾ ಸಮಿತಿಯ ಮಹಿಳಾ ಸದಸ್ಯೆ. ಸಂಬಳವಿಲ್ಲ. ಗಾಡಿಗಳ ವೇಳೆ, ನಿಲ್ದಾಣದ ನೀರು ನೆರಳು, ಮುಂದಿನ ವರ್ಷಗಳ ಯೋಜನೆ, ಇವುಗಳ ಬಗ್ಗೆ ಊರವರ ಅಭಿಪ್ರಾಯ ತಿಳಿಸುವ ಸಣ್ಣ ಮಂಡಳಿ ಅದು. ಕಾನ್ವೆಂಟಿನಲ್ಲಿ ಓದಿದವಳು, ಸಾಹೇಬರ ಜೊತೆ ಇಂಗ್ಲಿಷಿನಲ್ಲಿ ಮಾತನಾಡಬಲ್ಲೆ ಎಂದು ನನ್ನನ್ನು ಕರೆದಿದ್ದರು. ಹೆಂಗಸರ ಡಬ್ಬಿಯ ದೀಪ, ವೇಟಿಂಗ್ ರೂಮಿನ ಚಿಲಕ, ಇಷ್ಟಕ್ಕೆ ನಾನು ಬಾಯಿ ತೆರೆಯಬೇಕೆಂಬುದು ಅವರ ಎಣಿಕೆ. ಅಲ್ಲಿಯವರೆಗೆ ನಾನೂ ಅಷ್ಟಕ್ಕೇ ತೆರೆದಿದ್ದೆ.

ಸಭೆ ಸ್ಟೇಶನ್ನಿನ ಹಿಂದಿನ ಕಚೇರಿಯಲ್ಲಿ. ಮೇಜಿನ ಒಂದು ತುದಿಯಲ್ಲಿ ಟೈಮ್ ಟೇಬಲ್ ಮಾಡುವ ಅಧಿಕಾರಿ, ಬೇರೆ ಪ್ರಾಂತದಿಂದ ಬಂದ ಸಾಹೇಬರು. ಇನ್ನೊಂದು ತುದಿಯಲ್ಲಿ ನಮ್ಮ ಅಧ್ಯಕ್ಷರು, ಅರಳೆ ವ್ಯಾಪಾರದ ಸಾಹುಕಾರರು. ಜರತಾರಿ ರುಮಾಲು, ಹಣೆಯ ಮೇಲೆ ಮೂರೆಳೆ ವಿಭೂತಿ, ಮೆತ್ತನೆಯ ಮಾತು. ನಡುವೆ ಉಳಿದ ಸದಸ್ಯರು, ಹೆಚ್ಚಿನವರು ಧಾರವಾಡದ ವಕೀಲರು.

ಸಾಹೇಬರು ನಕ್ಷೆ ಬಿಡಿಸಿ ವಿವರಿಸಿದರು. ಇಲ್ಲಿ ಇರುವುದು ಸಿಂಗಲ್ ಲೈನ್, ಅಂದರೆ ಹೋಗಲೂ ಬರಲೂ ಒಂದೇ ಹಳಿ. ಧಾರವಾಡದ ಲೋಕಲ್ ಬಂದು ಮುಟ್ಟುವವರೆಗೆ ಹುಬ್ಬಳ್ಳಿಯಿಂದ ಆ ಕಡೆ ಹೋಗುವ ಗೂಡ್ಸ್ ಗಾಡಿ ಯಾರ್ಡಿನಲ್ಲಿ ಕಾಯಬೇಕು. ಹಾಲ್ಟಿನಲ್ಲಿ ನಿಂತು ಮತ್ತೆ ವೇಗ ಹಿಡಿಯಲು ಕಲ್ಲಿದ್ದಲೂ ಖರ್ಚು, ಹೊತ್ತೂ ಖರ್ಚು. ಆ ನಿಲುಗಡೆ ತೆಗೆದರೆ ಗೂಡ್ಸ್ ಬೇಗ ಹೊರಡುತ್ತದೆ. ಧಾರವಾಡದಿಂದ ಬರುವ ಮಹನೀಯರೂ ಬೇಗ ಮುಟ್ಟುತ್ತಾರೆ. ವಕೀಲರು ತಲೆದೂಗಿದರು. ಗೂಡ್ಸಿನಲ್ಲಿ ಯಾರ ಅರಳೆ ಹೋಗುತ್ತದೆಂಬುದು ಮೇಜಿನ ಸುತ್ತ ಎಲ್ಲರಿಗೂ ಗೊತ್ತಿತ್ತು.

“ಹಾಲ್ಟಿನಲ್ಲಿ ಹತ್ತುವವರು?” ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ.

“ಎಣಿಸಿ ನೋಡಿದ್ದೇವೆ, ಮೇಡಂ. ಎರಡು ಕೈಯ ಬೆರಳಿಗಿಂತ ಕಡಿಮೆ.”

ನನಗೆ ನಂಬಿಕೆಯಾಗಲಿಲ್ಲ. ಗಂಗವ್ವನ ಜೊತೆ ಇಳಿದು ನಮ್ಮ ಓಣಿಯಲ್ಲಿ ಹಾಯುವ ಹೆಂಗಸರ ಸಾಲನ್ನು ದಿನವೂ ನೋಡುತ್ತಿದ್ದವಳು ನಾನು. ಯಾವಾಗ ಎಣಿಸಿದಿರಿ ಎಂದೆ. ಸಾಹೇಬರು ತಾರೀಖು ಹೇಳಿದರು. ಯುದ್ಧದಿಂದಾಗಿ ಕಚೇರಿಯಲ್ಲಿ ಜನ ಸಾಲದು, ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ತಮ್ಮ ಗುಮಾಸ್ತನನ್ನೇ ಎಣಿಸಲು ಕಳಿಸಿದರು, ಎಂದು ಕೃತಜ್ಞತೆಯನ್ನೂ ಹೇಳಿದರು.

ಆ ತಾರೀಖು ಕೇಳಿದೊಡನೆ ನನಗೆ ನೆನಪಾದದ್ದು ಬೆಣ್ಣೆ. ಆ ದಿನ ನಮ್ಮ ಮನೆಗೆ ಬೆಣ್ಣೆ ಬಂದಿರಲಿಲ್ಲ. ಹೋಳಿಗೆ ಮಾಡಿದ್ದೆ, ತುಪ್ಪ ಸಾಲದೆ ಪಕ್ಕದ ಮನೆಯಿಂದ ಒಂದು ಬಟ್ಟಲು ಕಡ ತಂದಿದ್ದೆ. ಅಂದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಗಂಗವ್ವ ಎಂದೂ ಬರುವುದಿಲ್ಲ. ನಮ್ಮ ಸೀಮೆಯಲ್ಲಿ ಆ ದಿನ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಎತ್ತಿನ ಗಾಡಿ ಹೂಡದಿದ್ದರೆ ಅರಳೆ ಪೇಟೆಗೆ ಬರುವುದಿಲ್ಲ. ಅರಳೆ ಬರದಿದ್ದರೆ ಪೇಟೆ ಬಂದ್, ಗಿರಣಿ ಬಂದ್. ಗಿರಣಿ ಬಂದ್ ಇದ್ದರೆ ಹಾಲ್ಟಿನಲ್ಲಿ ಹತ್ತುವವರು ಯಾರು?

ಕನ್ನಡದಲ್ಲಿ ಅಧ್ಯಕ್ಷರನ್ನೇ ಕೇಳಿದೆ: “ಸಾಹುಕಾರ್ರ, ಅವತ್ತ ನಿಮ್ಮ ಅಂಗಡಿ ತಗದಿತ್ತೇನ್ರಿ?”

“ಎಲ್ಲಿದು ತಂಗಿ, ಅಮಾಸಿ ಅಲ್ಲೇನು! ಬಂದ್ ಇತ್ತು. ಗುಮಾಸ್ತ ಖಾಲಿ ಇದ್ದ, ಅದಕ್ಕ ಕಳಿಸಿದೆ.”

ಎಷ್ಟು ಸಹಜವಾಗಿ ಹೇಳಿದರೆಂದರೆ, ಮುಖದ ಮೇಲೆ ಒಂದು ಗೆರೆ ಅಲುಗಲಿಲ್ಲ. ಗೊತ್ತಿದ್ದೇ ಮಾಡಿದರೋ, ಗುಮಾಸ್ತನ ಬಿಡುವನ್ನಷ್ಟೇ ನೋಡಿದರೋ, ಇಂದಿಗೂ ನಾನು ಹೇಳಲಾರೆ. ಬಹಳ ದಿನ ಅದನ್ನೇ ಚಿಂತಿಸಿ ಕೊನೆಗೆ ಬಿಟ್ಟೆ. ಗಂಗವ್ವನ ಕೂಸಿಗೆ ಅದರಿಂದ ಏನು ವ್ಯತ್ಯಾಸ?

ನಾನು ಎದ್ದು ನಿಂತು ಸಾಹೇಬರಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಎತ್ತು, ಪೇಟೆ, ಗಿರಣಿ, ಭೋಂಗಾ. ಭಾನುವಾರ ಶಾಲೆಗೆ ಹೋಗಿ, ಮಕ್ಕಳು ಯಾರೂ ಓದುತ್ತಿಲ್ಲ ಎಂದು ಬರೆದುಕೊಂಡು ಬಂದಂತೆ ಇದು, ಎಂದೆ. ನಮ್ಮ ಶಾಲೆಯ ಸಿಸ್ಟರುಗಳು ಹೆಣ್ಣುಮಕ್ಕಳು ದನಿ ಏರಿಸಬಾರದೆಂದು ಕಲಿಸಿದ್ದರು, ಏರಿಸಲಿಲ್ಲ. ಆದರೆ ಮಾತಿನ ಭರದಲ್ಲಿ ಮೇಜು ತಟ್ಟಿದಾಗ ಬಳೆ ಸದ್ದು ಮಾಡಿದ್ದು ಎಲ್ಲರಿಗೂ ಕೇಳಿಸಿತು. ಒಬ್ಬ ವಕೀಲರು ನಕ್ಕರು.

ಸಾಹೇಬರಿಗೆ ಅರ್ಥವಾಯಿತು. ಕಿವಿ ಕೆಂಪಾದದ್ದನ್ನು ನಾನು ಕಂಡೆ. ತುಸು ಹೊತ್ತು ನಕ್ಷೆಯನ್ನು ಸುರುಳಿ ಸುತ್ತಿದರು, ಬಿಚ್ಚಿದರು. ಆಮೇಲೆ ಹೇಳಿದರು: “ನಿಮ್ಮ ಮಾತು ನ್ಯಾಯವಾದದ್ದು, ಮೇಡಂ. ಆದರೆ ಟೈಮ್ ಟೇಬಲ್ ಅಚ್ಚಿಗೆ ಹೋಗಿದೆ. ಮುಂದಿನ ಪರಿಷ್ಕರಣೆಯಲ್ಲಿ ನೋಡೋಣ.”

ಅಚ್ಚಿಗೆ ಹೋದ ಮೇಲೆ ನಮ್ಮ ಸಲಹೆ ಕೇಳುವುದೇಕೆ? ಕೇಳಿಯೂ ಬಿಟ್ಟೆ. ಅಧ್ಯಕ್ಷರು, ಮಗಳಿಗೆ ಬುದ್ಧಿ ಹೇಳುವ ದನಿಯಲ್ಲಿ, “ಸಿಟ್ಟಾಗಬ್ಯಾಡ ತಂಗಿ. ಊರು ಬೆಳೀಬೇಕಂದ್ರ ಒಂದೀಟು ಅಡಚಣಿ ಆಗೂದ. ಹೆಂಗಸರ ಡಬ್ಬಿ ದೀಪದ್ದೇನಾರ ಇದ್ರ ಹೇಳು, ಬರಸೂಣು,” ಎಂದರು. ನಿಲುಗಡೆ ತೆಗೆಯುವ ಠರಾವಿಗೆ ಎಲ್ಲರ ಸಹಿಯಾಯಿತು. ನಾನು ಮಾಡಲಿಲ್ಲ. ನನ್ನ ಸಹಿ ಇಲ್ಲದ್ದನ್ನು ಯಾರೂ ಗಮನಿಸಲೂ ಇಲ್ಲ.

ಬೆಳೆಯುವ ಊರಿಗೆ ಯೋಜನೆ ಬೇಡವೆಂದು ನಾನು ಹೇಳುವವಳಲ್ಲ. ಹಳಿ ಬೇಕು, ಯಾರ್ಡು ಬೇಕು, ಗೂಡ್ಸೂ ಬೇಕು. ಆದರೆ ಆ ಹುದ್ದೆ ನನಗೆ ಒಂದು ಮಾತು ಕಲಿಸಿತು: ಎಷ್ಟು ಜನ ಎಂದು ಕೇಳುವ ಮೊದಲು ಯಾರು ಎಣಿಸಿದರು, ಯಾವ ದಿನ ಎಣಿಸಿದರು ಎಂದು ಕೇಳಬೇಕು. ದೇವರ ದಿನವೆಂದು ತನ್ನ ಅಂಗಡಿಗೆ ಬೀಗ ಹಾಕಿದ ಮನುಷ್ಯನಿಗೆ, ಅದೇ ದಿನ ಬಡವರಿಗೂ ಇರುತ್ತದೆಂದು ಹೊಳೆಯಬೇಕಿತ್ತು. ಇಷ್ಟು ವರ್ಷಗಳಾದವು, ಮೊಮ್ಮಕ್ಕಳಾದರು, ನನ್ನ ಸಿಟ್ಟು ಇಳಿದಿಲ್ಲ. ಇಳಿಸುವ ಮನಸ್ಸೂ ಇಲ್ಲ.

ಸಂಜೆ ಗಿರಣಿ ಬಿಟ್ಟ ಮೇಲೆ ಗಂಗವ್ವ ಸ್ಟೇಶನ್ನಿಗೆ ಹೋಗುವ ಹಾದಿಯಲ್ಲಿ ನಮ್ಮ ಬಾಗಿಲಿಗೆ ಬಂದಳು. ಕೂದಲು, ಹುಬ್ಬು, ರೆಪ್ಪೆಯ ಮೇಲೆಲ್ಲ ಅರಳೆಯ ಎಳೆಗಳು. ನನ್ನ ಮುಖ ನೋಡಿಯೇ ತಿಳಿದುಕೊಂಡಳು.

“ಆಗಲಿಲ್ಲೇನ್ರಿ?”

“ಇಲ್ಲ ಗಂಗವ್ವ. ಮುಂದಿನ ತಿಂಗಳಿಂದ ನಿಲ್ಲಂಗಿಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನೀವ ಕೇಳಿದ್ರಲ್ಲ, ಅಷ್ಟ ಸಾಕ ಬಿಡ್ರಿ. ಕೂಸಿಗೆ ಗಂಜಿ ನೀರು ರೂಢಿ ಮಾಡಸ್ತೇನಿ,” ಎಂದಳು. ಗಾಡಿ ತಪ್ಪೀತೆಂದು ಲಗುಲಗು ಹೊರಟಳು.

ನಾನು ಕಂಬಕ್ಕೆ ಆತು ನಿಂತಿದ್ದೆ. ಪಕ್ಕದ ಮನೆಯ ಅಂಬಕ್ಕ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡಿದ್ದರು. ಒಳ್ಳೆಯ ಹೆಂಗಸು, ನನ್ನ ಬಾಣಂತನದಲ್ಲಿ ರಾತ್ರಿಯೆಲ್ಲ ಕೂತವರು. ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದು, ತಲೆ ಎತ್ತದೆಯೇ ಅಂದರು:

“ಯಾಕಷ್ಟು ಮನಸ್ಸಿಗೆ ಹಚ್ಚಿಕೋತೀರಿ ವೈನಿ? ಅವರಿಗೆ ನಡದು ರೂಢಿ ಇರ್ತದ.”