ಬಿಸಿಲಿಗೆ ಹಾಕಿದ ಗಣಿತ

ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ನಾನು ಅಕ್ಕಿ ಸಂಡಿಗೆ ಇಡುತ್ತಿದ್ದೆ. ಹಿಟ್ಟು ಬಿಸಿ ಇರುವಾಗಲೇ ಇಟ್ಟು ಮುಗಿಸಬೇಕು, ಆರಿದರೆ ಚಮಚಕ್ಕೆ ಅಂಟಿಕೊಂಡು ಕೂರುತ್ತದೆ. ಹಾಗಾಗಿ ಮಗಳು ಮೊಬೈಲ್ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ನಾನು ತಲೆ ಎತ್ತಲಿಲ್ಲ.

“ಅವ್ವಾ, ಎಂಟ್ರನ್ಸ್ ಲಿಸ್ಟಿನ್ಯಾಗ ಹೆಸರ ಬಂದೈತಿ. ಸೋಮವಾರ ಬೆಳಗಾವಿಗೆ ಇಂಟರ್‌ವ್ಯೂಕ ಒರಿಜಿನಲ್ ಕಾಗದ ತಗೊಂಡ ಹೋಗಬೇಕಂತ. ಮಾರ್ಕ್ಸ್ ಕಾರ್ಡ್ ಎಲ್ಲಿಟ್ಟೀ?”

ಚಮಚ ಕೈಯಲ್ಲೇ ನಿಂತಿತು. ಅವತ್ತು ಗುರುವಾರ.

ಅವಳು ಸೇರಬೇಕೆಂದಿದ್ದುದು ಐದು ವರ್ಷದ ಒಂದು ಕೋರ್ಸು. ಬಿಬಿಎ, ಎಂಬಿಎ ಎರಡೂ ಕೂಡಿಯೇ ಇರುತ್ತವೆ. ಒಮ್ಮೆ ಒಳಗೆ ಹೋದರೆ ಎರಡು ಪದವಿ ಹಿಡಿದೇ ಹೊರಗೆ ಬರುವುದು. ನಮ್ಮದು ಅಥಣಿ ಕಡೆಯ ದ್ರಾಕ್ಷಿ ತೋಟ. ಒಣದ್ರಾಕ್ಷಿ ಮಾಡಿ ದಲಾಲರ ಕೈಗೆ ಕೊಟ್ಟು ಸುಮ್ಮನಾಗುವ ಜನ ನಾವು. ಅದನ್ನು ನಾವೇ ಪಾಕೀಟು ಮಾಡಿ ನಮ್ಮ ಹೆಸರಿನಲ್ಲಿ ಮಾರಬೇಕು, ಅದಕ್ಕೆ ಇದನ್ನೇ ಓದಬೇಕು ಅಂತ ಅವಳ ಹಟ. ಬೇರೆ ಎಲ್ಲಿಗೂ ಅರ್ಜಿ ಹಾಕಿರಲಿಲ್ಲ.

ಪ್ರವೇಶದ ಷರತ್ತುಗಳನ್ನು ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಹಾಲು ತೆಗೆಯುವಾಗಲೆಲ್ಲ ಓದಿ ನನಗೆ ಬಾಯಿಪಾಠವಾಗಿತ್ತು. ಹನ್ನೆರಡನೆಯ ತರಗತಿಯಲ್ಲಿ ಒಟ್ಟು ನೂರಕ್ಕೆ ಅರವತ್ತು. ಗಣಿತ ಇರಲೇಬೇಕು, ಅದರಲ್ಲಿ ಐವತ್ತು. ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಕೊನೆಯ ಸಾಲು: ತಿದ್ದಿದ ಅಥವಾ ಕಲೆಯಾದ ಅಂಕಪಟ್ಟಿಯನ್ನು ಸ್ವೀಕರಿಸುವುದಿಲ್ಲ, ಸೀಟು ಮುಂದಿನವರಿಗೆ ಹೋಗುತ್ತದೆ. ಆ ಸಾಲನ್ನು ಮಾತ್ರ ನಾನು ಹದಿನೈದು ದಿನದಿಂದ ಓದದೆ ಹಾಲು ತೆಗೆಯುತ್ತಿದ್ದೆ.

ಗಣಿತದಲ್ಲಿ ಅವಳಿಗೆ ಬಂದದ್ದು ಐವತ್ತೆರಡು. ಮೇಲಿನ ಆ ಎರಡು ಮಾರ್ಕು ಚಿಂಚಲಿಯ ಮಾಯಕ್ಕ ಕೊಟ್ಟದ್ದೆಂದು ನನ್ನ ನಂಬಿಕೆ. ಕೊಟ್ಟವಳಿಗೆ ತೋರಿಸಿ ಬರಬೇಕಲ್ಲ. ಮಾರ್ಕ್ಸ್ ಕಾರ್ಡು ಕೈಗೆ ಬಂದ ಮೇಲೆ ಒಂದು ಮಂಗಳವಾರ ಮನೆಯಲ್ಲಿ ಯಾರಿಗೂ ಹೇಳದೆ ಒಯ್ದೆ. ಗುಡಿಯಲ್ಲಿ ನಿಂತಾಗ, ಪ್ಲಾಸ್ಟಿಕ್ಕಿನ ಮೇಲಿಂದ ಆಶೀರ್ವಾದ ಹೇಗೆ ಇಳಿದೀತು ಅನ್ನಿಸಿ, ಅದನ್ನು ಕವರಿನಿಂದ ಹೊರಗೆ ತೆಗೆದೆ. ಅದೇ ಹೊತ್ತಿಗೆ ಹಿಂದೆ ನಿಂತವರು, ಅಲ್ಲಿಯ ಪದ್ಧತಿಯಂತೆ, ಮುಷ್ಟಿ ತುಂಬ ಭಂಡಾರ ತೂರಿದರು. ಅರಿಶಿನದ ಪುಡಿ, ನನ್ನ ಬೆರಳಿಗೆ ದೀಪದ ಎಣ್ಣೆ. ಎರಡೂ ಕೂಡಿ ಗಣಿತದ ಸಾಲಿನ ಮೇಲೆಯೇ ಗಟ್ಟಿಯಾಗಿ ಕೂತವು. ಕೊಡವಿದರೆ ದೇವಿಯ ಪ್ರಸಾದವನ್ನು ನೆಲಕ್ಕೆ ಚೆಲ್ಲಿದಂತೆ. ಹಾಗೇ ಕವರಿಗೆ ಸೇರಿಸಿ ತಂದು ದೇವರ ಜಗುಲಿಯ ಮೇಲಿಟ್ಟೆ. ಟಿ.ಸಿ.ಯನ್ನು ಒಯ್ದಿರಲಿಲ್ಲ, ಅಷ್ಟು ಮಟ್ಟಿಗೆ ತಾಯಿಯ ದಯೆ.

ಎಲ್ಲಿದೆಯೆಂದು ಹೇಳಿದೆ. ಮಗಳು ಕೆಳಗಿಳಿದು ಕವರು ತಂದು, ನನ್ನ ಮುಂದೆಯೇ ಅದನ್ನು ಎಳೆದು ನೋಡಿದಳು.

“ಮಾರ್ಕ ಕಾಣಸ್ತಾವಲ್ಲ ಯವ್ವಾ,” ಅಂದೆ.

“ಕಾಣಸ್ತಾವ. ಕಳ್ಳತನದಿಂದ ತಿದ್ದಿ ಮ್ಯಾಲ ಬಣ್ಣಾ ಬಳದಂಗ ಕಾಣಸ್ತಾವ.”

ಬೋರ್ಡಿಗೆ ಬರೆದು ಇನ್ನೊಂದು ಪ್ರತಿ ತರಿಸಬಹುದಂತೆ, ಆದರೆ ಅದಕ್ಕೆ ವಾರಗಟ್ಟಲೆ ಬೇಕು. ನಮಗಿದ್ದದ್ದು ನಾಲ್ಕು ದಿನ. ಗಾಬರಿಯಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ಒದ್ದೆ ಅರಿವೆಗೆ ಬಟ್ಟೆ ಒಗೆಯುವ ಸಾಬೂನು ತಿಕ್ಕಿ ಕಲೆಯ ಮೇಲೆ ಮೆಲ್ಲಗೆ ಒತ್ತಿದೆ. ದಿನಾ ಅರಿಶಿನದಲ್ಲಿ ಕೈಯಾಡಿಸುವವಳಿಗೆ ಸಾಬೂನು ತಾಗಿದರೆ ಅದು ಕೆಂಪಾಗುತ್ತದೆ ಎಂಬುದು ಗೊತ್ತಿಲ್ಲದೆ ಏನು? ಆ ಗಳಿಗೆಗೆ ನೆನಪಾಗಲಿಲ್ಲ. ಐವತ್ತೆರಡರ ಸುತ್ತ ಕೆಂಪು ಮೂಡಿತು, ಮಾಸ್ತರರು ಕೆಂಪು ಪೆನ್ನಿನಿಂದ ನಪಾಸು ಅಂತ ಸುತ್ತು ಹಾಕಿದ ಹಾಗೆ.

ಮಗಳು ಅಳಲಿಲ್ಲ. “ಹಳದಿ ಆತು, ಕೆಂಪ ಆತು, ಇನ್ನ ಹಸರೊಂದ ಉಳೀತ ನೋಡವ್ವಾ,” ಅಂದಳು. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ನಮ್ಮ ಸದ್ದು ಕೇಳಿ ಅತ್ತೆ ಮೊಣಕಾಲು ಹಿಡಿದುಕೊಂಡು ಮೇಲೆ ಬಂದರು. ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಏನಬೇ, ಅರಿಷಿಣಕ್ಕ ಯಾರರೆ ಸಾಬಾಣ ಹಚ್ಚತಾರ? ಮದಿವ್ಯಾಗ ಕೆಟ್ಟ ಸೀರಿ ನಾ ಎಷ್ಟ ತಗದೇನಿ. ಲಿಂಬಿಹಣ್ಣ ತಾ. ಆಮ್ಯಾಲ ಬಿಸಲಿಗೆ ಹಾಕ.”

ಹತ್ತಿಯಲ್ಲಿ ಲಿಂಬೆರಸ ಅದ್ದಿ ಅವರೇ ಒತ್ತಿದರು. ಕೆಂಪು ಹೋಗಿ ಮತ್ತೆ ಹಳದಿ ಬಂತು. ಬೆಳಗಿನಿಂದ ಯಾವ ಹಳದಿಯನ್ನು ಕಂಡು ಎದೆ ಒಡೆದುಕೊಂಡಿದ್ದೆವೋ ಅದನ್ನೇ ನೋಡಿ ಮೂವರೂ ಉಸಿರು ಬಿಟ್ಟೆವು.

ಅಷ್ಟರಲ್ಲಿ ನಮ್ಮವರು ತೋಟದಿಂದ ಬಂದರು. ಸಂಗತಿ ಕೇಳಿ ಬೈಯಲಿಲ್ಲ, ಸಲಹೆ ಕೊಟ್ಟರು. “ಬಿಸಲಾಗ ಬ್ಯಾಡ. ನಮ್ಮ ಶೆಡ್ಡಿನ್ಯಾಗ ದ್ರಾಕ್ಷಿ ಒಣಗಸು ಬಲಿ ಮ್ಯಾಲ ಹಾಕೂನು. ನೆರಳ ಬೇಕ ಇದಕ.”

“ನೆರಳಾಗ ಒಣಗಿಸಿದ್ರ ಏನ ಆಕ್ಕೈತೋ?” ಅತ್ತೆ ಕೇಳಿದರು.

“ಬಣ್ಣಾ ಹಂಗ ಉಳೀತೈತಿ.”

“ನಮಗ ಬಣ್ಣಾ ಹೋಗಬೇಕಾಗೇತಿ ತಮ್ಮಾ.”

ಅವರು ಅದನ್ನು ಒಂದು ನಿಮಿಷ ಯೋಚಿಸಿ, ಕಾಲು ತೊಳೆಯಲು ಕೆಳಗೆ ಹೋದರು.

ಶುಕ್ರವಾರ ಬೆಳಗ್ಗೆ ಸಂಡಿಗೆಯ ಸಾಲುಗಳ ನಡುವೆ ಒಂದಿಷ್ಟು ಜಾಗ ಮಾಡಿ ಮಾರ್ಕ್ಸ್ ಕಾರ್ಡನ್ನು ಮಲಗಿಸಿದೆವು. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಮೇಲೆ ತೆಳ್ಳನೆಯ ಜಾಳಿಗೆ. ಅತ್ತೆ ಛತ್ರಿ ಬಿಚ್ಚಿ, ಕೈಯಲ್ಲಿ ಕೋಲು ಹಿಡಿದು ಕಾವಲಿಗೆ ಕೂತರು. ಸಂಡಿಗೆಗೆ ಬಂದ ಕಾಗೆಯನ್ನು ಅವರು ಸಂಡಿಗೆಗೆ ಬಂದದ್ದೆಂದು ಒಪ್ಪಲೇ ಇಲ್ಲ.

ಪಕ್ಕದ ಮಾಳಿಗೆಯಿಂದ ನೆರೆಮನೆಯಾಕೆ ಕೇಳಿದಳು. “ಆಯಿ, ನಡುವ ಏನ ಒಣಾ ಹಾಕೀರಿ?”

“ಮೊಮ್ಮಗಳ ಗಣಿತ.”

“ಒಣಗೇತೇನ್ರಿ?”

“ಎಲ್ಲಿದವ್ವಾ, ಇನ್ನೂ ಹಸಿ ಐತಿ.”

ಮಗಳು ಮೆಟ್ಟಿಲ ಮೇಲೆ ಕೂತು ಸಂದರ್ಶನಕ್ಕೆ ಓದುತ್ತಿದ್ದಳು. ನಾನು ನಡುನಡುವೆ ಚೀಟಿ ನೋಡಿ ಪ್ರಶ್ನೆ ಕೇಳುತ್ತಿದ್ದೆ, ಅವಳು ಕಾರ್ಡಿನ ಕಡೆ ನೋಡುತ್ತಲೇ ಉತ್ತರಿಸುತ್ತಿದ್ದಳು. ಶನಿವಾರ ಮಧ್ಯಾಹ್ನ ಮೋಡ ಕವಿಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಸಂಡಿಗೆಯನ್ನು ಮಳೆಗೆ ಬಿಟ್ಟು ಗಣಿತವನ್ನು ಎತ್ತಿಕೊಂಡು ಓಡಿದೆ. ನಾಲ್ಕು ಹನಿ ಬಿದ್ದು ನಿಂತಿತು. ಮೇ ತಿಂಗಳ ಬಿಸಿಲನ್ನು ಪ್ರತಿ ವರ್ಷ ಬೈಯುವವಳು ನಾನು. ಅವತ್ತು ಸೂರ್ಯ ಮರಳಿದಾಗ ನಿಂತಲ್ಲೇ ಕೈ ಮುಗಿದೆ.

ಭಾನುವಾರ ಸಂಜೆಗೆ ಹಳದಿ ತೆಳುವಾಗಿ ಹಳೆಯ ಕಾಗದದ ಬಣ್ಣಕ್ಕೆ ಬಂದಿತ್ತು. ಐವತ್ತೆರಡರ ಪಕ್ಕದಲ್ಲಿ ಜೋಳದ ಕಾಳಿನಷ್ಟು ಕಲೆ ಮಾತ್ರ ಏನು ಮಾಡಿದರೂ ಹೋಗಲಿಲ್ಲ.

ಸೋಮವಾರ ನಸುಕಿನ ಬಸ್ಸಿಗೆ ಇಬ್ಬರೂ ಹೊರಟೆವು. ಕೂರಲು ಜಾಗ ಸಿಕ್ಕಿತು. ಚಿಕ್ಕೋಡಿ ದಾಟುವವರೆಗೂ ಮಗಳು ಕವರನ್ನು ಎದೆಗೆ ಒತ್ತಿಕೊಂಡೇ ಇದ್ದಳು. ಕಾಲೇಜಿನಲ್ಲಿ ಕಾಗದ ನೋಡುವವರು ವಯಸ್ಸಾದ ಗುಮಾಸ್ತರು. ಕಾರ್ಡನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು.

“ಅಕ್ಕಾರ, ಇದಕ ಲಿಂಬಿಹಣ್ಣಿನ ವಾಸನಿ ಬರಾಕತ್ತೈತಲ್ಲ.”

ಮಗಳು ಬಾಯಿ ತೆರೆದಳು, ನಾನು ತಡೆದೆ. ದೇವಿಯ ಭಂಡಾರದ ವಿಷಯದಲ್ಲಿ ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಮಂಗಳವಾರದಿಂದ ಹಿಡಿದು ಕಾಗೆಯ ತನಕ ಎಲ್ಲವನ್ನೂ ಹೇಳಿದೆ. ಹಿಂದೆ ಸಾಲಿನಲ್ಲಿದ್ದ ತಂದೆ ತಾಯಂದಿರು ಮುಂದೆ ಸರಿದು ಕೇಳಿಸಿಕೊಂಡರು.

“ಮಾರ್ಕ ನಾವು ಕಂಪ್ಯೂಟರ್‌ನ್ಯಾಗ ನೋಡ್ತೇವ್ರಿ. ನಂಬರ್ ಹೊಡದ್ರ ಬರ್ತೈತಿ,” ಅಂದರು ಅವರು. ಹೊಡೆದರು. ಪರದೆಯ ಮೇಲೆ ಐವತ್ತೆರಡು ಬೆಳ್ಳಗೆ ಬಂದು ನಿಂತಿತು.

“ಹಂಗಾರ ಈ ಕಾಗದಾ ಯಾಕ್ರಿ?”

“ಇರಬೇಕ್ರಿ. ಯಾರೂ ನೋಡೂದಿಲ್ಲ, ಆದ್ರ ಇರಬೇಕು. ಕಲಿ ಐತಲ್ಲ, ಅದಕ ಪಾಲಕರದೊಂದ ಪತ್ರಾ ಬರದ ಕೊಡ್ರಿ. ಉಳದದ್ದ ದೊಡ್ಡ ಸರ್ ನೋಡ್ತಾರ.”

ಸರಕಾರಿ ನಮೂನೆಯ ಪತ್ರ ನಾನು ಹಿಂದೆಂದೂ ಬರೆದವಳಲ್ಲ. ಗೋಡೆಗೆ ಕಾಗದ ಒತ್ತಿ ಬರೆದೆ: ಕಲೆ ದೇವಿಯದು, ಮಾರ್ಕು ಮಗಳದು, ತಪ್ಪು ನನ್ನದು. ಕೆಳಗೆ ಸಹಿ. ಗುಮಾಸ್ತರು ಅದನ್ನು ಎರಡು ಸಲ ಓದಿ, ಕಾರ್ಡಿಗೆ ಪಿನ್ನು ಹಾಕಿ ಒಳಗೆ ಕಳಿಸಿದರು. ಹಿಂದೆಯೇ ಮಗಳನ್ನೂ ಕರೆದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಮಾಯಕ್ಕನಿಗೆ ಹೇಳಿದೆ: ನೀನೇ ಹಚ್ಚಿದ್ದು, ನೀನೇ ನೋಡಿಕೊ.

ಹತ್ತು ನಿಮಿಷಕ್ಕೆ ಅವಳು ಹೊರಗೆ ಬಂದಳು.

“ಏನ ಕೇಳಿದ್ರು?”

“ನಿನ್ನ ಪತ್ರಾ ಓದಿ ನಕ್ಕರು. ಆಮ್ಯಾಲ ನಮ್ಮ ತೋಟದ ಸುದ್ದಿ ಕೇಳಿ, ದ್ರಾಕ್ಷಿ ನೆರಳಾಗ ಯಾಕ ಒಣಗಸ್ತೀರಿ, ಬಿಸಲಾಗ ಯಾಕಿಲ್ಲ ಅಂದ್ರು.”

“ನೀ ಏನಂದಿ?”

“ಅಪ್ಪಾ ಹೇಳಿದ್ದ ಹೇಳಿದೆ.”

ಮಧ್ಯಾಹ್ನ ಫಲಕಕ್ಕೆ ಪಟ್ಟಿ ಹಚ್ಚಿದರು. ಅವಳ ಹೆಸರು ಕೊನೆಯಿಂದ ಎರಡನೆಯದು. ಮೇಲಿದ್ದರೇನು, ಕೆಳಗಿದ್ದರೇನು, ಪಟ್ಟಿಯೊಳಗಿತ್ತು. ಆಗ ಅತ್ತಳು ನನ್ನ ಮಗಳು, ಅಷ್ಟು ಜನರ ನಡುವೆ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತೆಗೆ ಸುದ್ದಿ ಹೇಳಿ, ದೇವರ ಮುಂದೆ ದೀಪ ಹಚ್ಚಿ ಮಾಳಿಗೆ ಹತ್ತಿದೆ. ಸಂಡಿಗೆಯ ನಡುವೆ ಕಾರ್ಡಿನಷ್ಟು ಜಾಗ ಖಾಲಿ ಇತ್ತು. ನಾಲ್ಕು ಕಲ್ಲು, ಜಾಳಿಗೆ ಹಾಗೇ ಇದ್ದವು, ಕೋಲೂ ಅಲ್ಲೇ ಇತ್ತು. ಕಲ್ಲು ಬದಿಗೆ ಸರಿಸಿ, ಧೋತರವನ್ನು ತಿರುಗಿಸಿ ಅದರ ಬೆನ್ನಿಗೆ ನೀರು ಚಿಮುಕಿಸಿ, ಸಂಡಿಗೆಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ.